ಒಡೆಯದೆ ಒಳಗನ್ನು ನೋಡುವ ವಿದ್ಯೆ

ತಿಪಟೂರಿನ ಬಸ್ ನಿಲ್ದಾಣದಿಂದ ಕೊಬ್ಬರಿ ಮಂಡಿಗಳ ಕಡೆಗೆ ಹೋಗುವ ದಾರಿಯಲ್ಲಿ ಅಬ್ದುಲ್ ರಹೀಮ್ ಸಾಬರ ಸೋಡಾ ಅಂಗಡಿ ಇತ್ತು. ಅಂಗಡಿ ಎನ್ನುವುದಕ್ಕಿಂತ ಹೆಂಚಿನ ಒಂದು ಕೊಠಡಿ ಎನ್ನಬೇಕು. ಒಳಗೆ ಗ್ಯಾಸಿನ ಸಿಲಿಂಡರು, ಕೈಯಿಂದ ತಿರುಗಿಸುವ ಕಬ್ಬಿಣದ ಯಂತ್ರ, ಬಾಟಲಿ ತೊಳೆಯುವ ಕಲ್ಲಿನ ತೊಟ್ಟಿ. ಹೊರಗಿನ ಹಲಗೆಯ ಮೇಲೆ ಸಾಲಾಗಿ ಗೋಲಿ ಸೋಡಾ ಬಾಟಲಿಗಳು. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳಿ, ಗಂಟಲು ಒಣಗಿಸಿಕೊಂಡು, ಸಂಜೆ ಅಲ್ಲಿ ನಿಂತು ಒಂದು ನಿಂಬೆಹಣ್ಣಿನ ಸೋಡಾ ಕುಡಿದೇ ಮನೆಗೆ ಹೋಗುತ್ತಿದ್ದೆನು. ರಹೀಮ್ ಸಾಬರ ಮಗ ನಜೀರ್ ಅಹಮದನು ನನ್ನ ವಿದ್ಯಾರ್ಥಿಯಾದದ್ದು ಆಮೇಲೆ.

ರಹೀಮ್ ಸಾಬರಿಗೆ ಒಂದು ಅಭ್ಯಾಸವಿತ್ತು. ತೊಳೆದ ಬಾಟಲಿಯನ್ನು ಯಂತ್ರಕ್ಕೆ ಸೇರಿಸುವ ಮೊದಲು ಎಡಗೈಯಲ್ಲಿ ಅದರ ಕತ್ತು ಹಿಡಿದು, ಬಲಗೈಯ ಬೆಳ್ಳಿ ಉಂಗುರದಿಂದ ಹೊಟ್ಟೆಗೆ ಒಮ್ಮೆ ತಟ್ಟಿ, ಕಿವಿಗೆ ಹತ್ತಿರ ಹಿಡಿಯುವರು. ಟಣ್ ಎಂದರೆ ಒಳಕ್ಕೆ. ಡಬ್ ಎಂದರೆ ಮೂಲೆಯ ಬುಟ್ಟಿಗೆ. ನಮ್ಮ ಸೀಮೆಯವರಿಗೆ ಇದು ವಿಚಿತ್ರವಾಗಿ ಕಾಣುತ್ತಿರಲಿಲ್ಲ. ತೆಂಗಿನಕಾಯನ್ನು ಬೆರಳಿನಿಂದ ತಟ್ಟದೆ, ಕಿವಿಯ ಬಳಿ ಅಲ್ಲಾಡಿಸದೆ ಕೊಳ್ಳುವವರು ಇಲ್ಲಿ ಯಾರಿದ್ದಾರೆ? ಸಾಬರು ಮಾತ್ರ ಅದನ್ನು ಗಾಜಿಗೂ ಒಗ್ಗಿಸಿಕೊಂಡಿದ್ದರು.

"ಸದ್ದು ಸರಿಯಾಗಿದ್ರೆ ಮಾಲು ಸರಿ ಕಣ್ರೀ ಮೇಷ್ಟ್ರೇ. ಮೂವತ್ತು ವರ್ಷದಿಂದ ಈ ಕಿವಿ ಸುಳ್ಳು ಹೇಳಿಲ್ಲ," ಎನ್ನುತ್ತಿದ್ದರು.

೧೯೭೪ರ ಬೇಸಿಗೆಯಲ್ಲಿ ಆ ಕಿವಿ ಸುಳ್ಳು ಹೇಳಿತು. ಬೆಳಿಗ್ಗೆ ತಟ್ಟಿ, ಸದ್ದು ಕೇಳಿ, ಗ್ಯಾಸು ತುಂಬಿಸಿ ಹಲಗೆಯ ಮೇಲೆ ಇಟ್ಟಿದ್ದ ಬಾಟಲಿಯೊಂದನ್ನು ಮಧ್ಯಾಹ್ನ ಗಿರಾಕಿಗೆ ಕೊಡಲೆಂದು ಎತ್ತಿದರು. ಅದು ಅವರ ಕೈಯಲ್ಲೇ ಸಿಡಿಯಿತು. ಅಂಗೈ ಸೀಳಿದ್ದು ಹದಿನೈದು ದಿನದಲ್ಲಿ ಕೂಡಿಕೊಂಡಿತು. ಎಡಗಣ್ಣು ಮಾತ್ರ ಹೋಯಿತು.

ಆಗ ನಜೀರನು ಒಂಬತ್ತನೆಯ ತರಗತಿಯಲ್ಲಿದ್ದನು. ಒಂದು ವಾರ ಶಾಲೆಗೆ ಬರಲಿಲ್ಲ. ಬಂದ ದಿನ ನಾನು ಬೆಳಕಿನ ವಕ್ರೀಭವನದ ಪಾಠ ಮಾಡುತ್ತಿದ್ದೆನು. ಪಾಠ ಮುಗಿದ ಮೇಲೆ ಅವನು ಎದ್ದು ನಿಂತು ಕೇಳಿದನು: "ಸಾರ್, ಆ ಬಾಟ್ಲಿಲಿ ಬಿರುಕಿರಲಿಲ್ಲ. ನಾನೇ ತೊಳೆದಿದ್ದೆ. ಹೋದ ವರ್ಷವೆಲ್ಲ ಅದೇ ಗ್ಯಾಸು ತಡ್ಕೊಂಡಿತ್ತು. ಅವತ್ತೇ ಯಾಕೆ ಒಡೀತು?"

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲವೆಂದೇ ಹೇಳಿದೆನು. ಅವನು ಕುಳಿತುಕೊಂಡನು. ಆದರೆ ಪ್ರಶ್ನೆ ಕುಳಿತುಕೊಳ್ಳಲಿಲ್ಲ. ಎಸ್‌.ಎಸ್‌.ಎಲ್‌.ಸಿ. ಮುಗಿಸಿ ತಂದೆಯ ಅಂಗಡಿಗೆ ಸೇರಿದ ಮೇಲೂ, ಬುಟ್ಟಿಗೆ ಬಿದ್ದ ಒಡಕು ಗಾಜುಗಳನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದನು. ತಂದೆ ಬಾಟಲಿಯನ್ನು ಕೈಗೆತ್ತಿಕೊಂಡಾಗಲೆಲ್ಲ ಅವನ ದೃಷ್ಟಿ ಅವರ ಬಲಗಣ್ಣಿನ ಮೇಲೆ ಇರುತ್ತಿತ್ತು. ಉಳಿದಿದ್ದುದು ಅದೊಂದೇ.

ಅವನಿಗೆ ಇನ್ನೊಂದು ಸೋಜಿಗವೂ ಇತ್ತು. ಬಾಟಲಿಯ ಬಾಯಿ ಗೋಲಿಗಿಂತ ಕಿರಿದು, ಕತ್ತಿನ ಕೆಳಗಿನ ಚಿವುಟು ಇನ್ನೂ ಕಿರಿದು. ಹಾಗಾದರೆ ಗೋಲಿ ಒಳಗೆ ಹೋದದ್ದು ಹೇಗೆ? ಇದನ್ನು ಅವನು ಬರುವ ಗಿರಾಕಿಗಳನ್ನೆಲ್ಲ ಕೇಳುತ್ತಿದ್ದನು. ಮಂಡಿಯಲ್ಲಿ ಗುಮಾಸ್ತರಾಗಿದ್ದ ಶಂಭುಲಿಂಗಯ್ಯನವರು, "ನೀನು ನಿಮ್ಮಮ್ಮನ ಹೊಟ್ಟೆಯೊಳಕ್ಕೆ ಹೋದಂಗೆ ಕಣಯ್ಯ, ಸುಮ್ನೆ ಸೋಡಾ ಒಡಿ," ಎಂದು ಗದರಿದ್ದರು.

೧೯೭೮ರಲ್ಲಿ ಪತ್ರಿಕೆಯೊಂದರ ಮೂಲೆಯಲ್ಲಿ ನಾನೇ ಆ ಪ್ರಕಟಣೆಯನ್ನು ನೋಡಿದೆನು. ಬೆಂಗಳೂರಿನ ಆಚೆ ಇದ್ದ ಒಂದು ಬಾಟಲಿ ಕಾರ್ಖಾನೆಯವರು ತಮ್ಮ ತರಬೇತಿ ಶಾಲೆಯಲ್ಲಿ ಒಂದು ವರ್ಷ ಗಾಜು ತಯಾರಿಕೆಯ ಶಿಕ್ಷಣ ಕೊಡುವರೆಂದು ಇತ್ತು. ಎಂಟು ಜನಕ್ಕೆ ಅವಕಾಶ. ಕತ್ತರಿಸಿಕೊಂಡು ಅಂಗಡಿಗೆ ಹೋದೆನು. ರಹೀಮ್ ಸಾಬರು ಓದಿಸಿ ಕೇಳಿದರು. ಅವರ ಮನೆಯ ಮಾತು ಉರ್ದು. ನಾನು ಇದ್ದಾಗ ಮಾತ್ರ ತಂದೆಮಕ್ಕಳ ಜಗಳವೂ ಕನ್ನಡದಲ್ಲೇ ನಡೆಯುತ್ತಿತ್ತು.

"ಗಾಜು ಒಡೆಯೋದು ಕಲಿಯಾಕೆ ಬೆಂಗ್ಳೂರಿಗೆ ಹೋಗ್ಬೇಕಾ? ಇಲ್ಲೇ ದಿನಾ ಎರಡು ಒಡೀತವೆ."

"ಒಡೀದೇ ಇರೋದು ಕಲೀತೀನಿ ಅಬ್ಬಾ."

"ಒಡೀದೇ ಇದ್ರೆ ಅದು ಗಾಜಲ್ಲ ಕಣೋ, ಪಾತ್ರೆ!"

"ಯಾವುದು ಒಡೀತದೆ ಅಂತ ಮುಂಚೇನೇ ಗೊತ್ತಾದ್ರೆ?"

ಸಾಬರು ಉಂಗುರದ ಬೆರಳನ್ನು ಎತ್ತಿ ತೋರಿಸಿದರು. ನಜೀರನು ತಂದೆಯ ಮುಚ್ಚಿದ ಕಣ್ಣಿನ ಕಡೆ ನೋಡಿದನು. ಅಷ್ಟರಿಂದಲೇ ಸಾಬರ ಬೆರಳು ಕೆಳಗಿಳಿಯಿತು. "ಹೋಗು, ಒಂದು ವರ್ಷ ತಾನೆ," ಎಂದು ಯಂತ್ರದ ಕಡೆಗೆ ತಿರುಗಿಬಿಟ್ಟರು.

ಅಲ್ಲಿಂದ ನಜೀರನು ನನಗೆ ಬರೆದ ಕಾಗದಗಳು ಈಗಲೂ ನನ್ನ ಪೆಟ್ಟಿಗೆಯಲ್ಲಿ ಇವೆ. ಮೊದಲನೆಯದರಲ್ಲಿ ಯೋಗಕ್ಷೇಮಕ್ಕಿಂತ ಮುಂಚೆಯೇ ಹೀಗೆ ಬರೆದಿದ್ದನು: "ಸಾರ್, ಗೋಲಿ ಹೋಗುವುದು ಹೇಗೆಂದು ತಿಳಿಯಿತು. ಬಾಟಲಿಯನ್ನು ಊದುವಾಗ ಬಾಯಿಯನ್ನು ಅಗಲವಾಗಿಯೇ ಬಿಟ್ಟಿರುತ್ತಾರೆ. ಗೋಲಿಯನ್ನು ಹಾಕಿ, ಆಮೇಲೆ ಬಾಯಿಯೊಂದನ್ನೇ ಮತ್ತೆ ಕಾಯಿಸಿ, ಮೆತ್ತಗಾದಾಗ ಒತ್ತಿ ಕಿರಿದು ಮಾಡುತ್ತಾರೆ. ಇಷ್ಟೇ. ಶಂಭುಲಿಂಗಯ್ಯನವರಿಗೆ ಹೇಳಿರಿ."

ನಾನು ಹೇಳಿದೆನು. ಶಂಭುಲಿಂಗಯ್ಯನವರು ಬಾಟಲಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿ, "ಅಷ್ಟು ಸುಲಭವಾ? ಗೊತ್ತಿಲ್ದಿದ್ದಾಗ್ಲೇ ಚೆನ್ನಾಗಿತ್ತು," ಎಂದರು.

ಮರಳು, ಸೋಡಾ ಬೂದಿ, ಸುಣ್ಣಕಲ್ಲು, ಹಳೆಯ ಒಡಕು ಗಾಜು ಇವುಗಳನ್ನು ತೂಕ ಮಾಡಿ ಬೆರೆಸುವುದು ಮೊದಲ ಪಾಠ. ಆಮೇಲೆ ಕುಲುಮೆ. ಅದರ ಕಿಂಡಿಯನ್ನು ಬರಿಗಣ್ಣಿನಿಂದ ನೋಡಲಾಗದು. ನೀಲಿ ಗಾಜಿನ ಕನ್ನಡಕ ಹಾಕಿಕೊಂಡು ಇಣುಕಿದರೆ ಒಳಗೆ ಬೆಲ್ಲದ ಪಾಕದಂತೆ ಗಾಜು ಮಗ್ಗಲು ಬದಲಿಸುತ್ತಿರುತ್ತದೆಂದು ಅವನು ಬರೆದಿದ್ದನು. ಅವರಿಗೆ ಕಲಿಸುತ್ತಿದ್ದವರು ಫಿರೋಜಾಬಾದಿನ ಕಡೆಯ ಶಿವಚರಣ್ ಎಂಬ ವೃದ್ಧರು. ಎಲ್ಲರೂ ಉಸ್ತಾದ್ ಎಂದು ಕರೆಯುತ್ತಿದ್ದರು. ತಿಪಟೂರಿನವನೆಂದು ತಿಳಿದ ದಿನದಿಂದ ಅವರು ನಜೀರನನ್ನು ಹೆಸರು ಹಿಡಿದು ಕರೆಯಲಿಲ್ಲ. "ಏ ನಾರಿಯಲ್ ವಾಲಾ" ಎಂದೇ, ತೆಂಗಿನಕಾಯಿಯವನೆಂದು, ಕೂಗುವರು. ಊರಿನಿಂದ ಬಂದವನ ಕೈಯಲ್ಲಿ ಕೊಬ್ಬರಿ ಇರಲೇಬೇಕೆಂದು ಅವರ ನಂಬಿಕೆ. ಅದು ಸುಳ್ಳೂ ಆಗಿರಲಿಲ್ಲ.

ಉಸ್ತಾದರು ಪದೇ ಪದೇ ಹೇಳುತ್ತಿದ್ದ ಮಾತು ಒಂದೇ. ಗಾಜನ್ನು ಕರಗಿಸುವುದು ಅರ್ಧ ಕೆಲಸ, ಆರಿಸುವುದು ಇನ್ನರ್ಧ. ಊದಿದ ಬಾಟಲಿಯನ್ನು ಹಾಗೆಯೇ ಗಾಳಿಗೆ ಬಿಟ್ಟರೆ ಹೊರಮೈ ಬೇಗ ತಣ್ಣಗಾಗಿ ಗಟ್ಟಿಯಾಗಿ ನಿಂತುಬಿಡುತ್ತದೆ. ಒಳಗಿನದು ಆಮೇಲೆ ತಣ್ಣಗಾಗುತ್ತ ಕುಗ್ಗಲು ನೋಡುತ್ತದೆ, ಹೊರಮೈ ಬಿಡುವುದಿಲ್ಲ. ಆ ಎಳೆದಾಟ ಗಾಜಿನೊಳಗೆ ಹಾಗೆಯೇ ಉಳಿಯುತ್ತದೆ. ಕಣ್ಣಿಗೆ ಬಿರುಕಿಲ್ಲ, ತಟ್ಟಿದರೆ ಸದ್ದು ಚೆನ್ನ. ಆದರೆ ಒಂದು ಗೀರು ಬಿದ್ದರೆ, ಸ್ವಲ್ಪ ಬಿಸಿಲು ತಾಗಿದರೆ, ಅಥವಾ ಒಳಗಿನ ಗ್ಯಾಸು ಒತ್ತಿದರೆ, ಎಂದಾದರೂ ಒಂದು ದಿನ ಸಿಡಿಯುತ್ತದೆ. ಆದ್ದರಿಂದ ಬಿಸಿ ಬಾಟಲಿಗಳನ್ನು ಇಟ್ಟಿಗೆಯ ಗೂಡಿನಲ್ಲಿ ಇಟ್ಟು, ಮತ್ತೆ ಕಾಯಿಸಿ, ನಿಧಾನವಾಗಿ ಆರಲು ಬಿಡಬೇಕು.

ಈ ಕಾಗದವನ್ನು ನಾನು ಮೂರು ಸಲ ಓದಿದೆನು. ನಾಲ್ಕು ವರ್ಷದ ಹಿಂದೆ ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರವನ್ನು ವಿದ್ಯಾರ್ಥಿಯೇ ಮೇಷ್ಟರಿಗೆ ಬರೆದು ಕಳುಹಿಸಿದ್ದನು.

ಆದರೆ ಅದನ್ನು ಬರೆದ ಹುಡುಗನೇ ಮುಂದಿನ ತಿಂಗಳು ತಪ್ಪು ಮಾಡಿದನು. ತರಬೇತಿಯ ಎಂಟು ಜನವೂ ತಲಾ ಆರು ಬಾಟಲಿ ಊದಿ ಶನಿವಾರ ಮಧ್ಯಾಹ್ನ ಗೂಡಿನೊಳಗೆ ಇಟ್ಟು ಬಾಗಿಲು ಮುಚ್ಚಿದರು. ಸೋಮವಾರ ಬೆಳಿಗ್ಗೆ ತೆಗೆಯಬೇಕು. ಭಾನುವಾರದ ಪಾಳಿ ನಜೀರನದು. ಬೆಂಕಿಯನ್ನು ಗಂಟೆಗೆ ಇಷ್ಟಿಷ್ಟೆಂದು ತಗ್ಗಿಸುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಸುಮ್ಮನೆ ಕುಳಿತವನಿಗೆ ಒಳಗೆ ಏನಾಗುತ್ತಿದೆಯೋ ಎಂಬ ಚಪಲ ಹೆಚ್ಚಾಯಿತು. ಎಳೆದಾಟ ಬಿಡುತ್ತಿರುವಾಗ ಗಾಜಿನ ಬಣ್ಣ ಬದಲಾಗುವುದೋ? ಬಾಟಲಿ ಅಲ್ಲಾಡುವುದೋ? ಹನ್ನೊಂದು ಗಂಟೆಯ ಹೊತ್ತಿಗೆ ಬಾಗಿಲನ್ನು ಒಂದು ಗೇಣು ಸರಿಸಿ ಇಣುಕಿದನು. ಏನೂ ಕಾಣಲಿಲ್ಲ. ಆದರೆ ಕೇಳಿಸಿತು. ತಣ್ಣನೆಯ ಗಾಳಿ ನುಗ್ಗಿದ ಕಡೆಯಿಂದ ಟಿಣ್, ಟಿಣ್ ಎಂದು ಒಂದಾದ ಮೇಲೊಂದು. ನಲವತ್ತೆಂಟರಲ್ಲಿ ಮೂವತ್ತೊಂದು ಹೋದವು.

"ಇನ್ನೊಂದು ಸಲ ಆ ಬಾಗಿಲಿಗೆ ಕೈ ಹಾಕಿದರೆ ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೊರಡು," ಎಂದು ಉಸ್ತಾದರು ಎಲ್ಲರೆದುರಿಗೆ ಹೇಳಿದರು. ಮಿಕ್ಕ ಏಳು ಜನರೂ ಅವನೊಡನೆ ಮಾತು ಬಿಟ್ಟರು.

ರಂಜಾನ್ ಹಬ್ಬಕ್ಕೆ ಊರಿಗೆ ಬಂದಾಗ ಅವನ ಮುಖ ಬಾಡಿತ್ತು. ಹಿಂತಿರುಗಿ ಹೋಗುವ ಮನಸ್ಸಿಲ್ಲವೆಂದು ನನ್ನೊಬ್ಬನಿಗೇ ಹೇಳಿದನು. ನಾನು ಬುದ್ಧಿ ಹೇಳಲಿಲ್ಲ. ಮನೆಗೆ ಕೊಬ್ಬರಿ ತರುವುದಕ್ಕೆ ನೊಣವಿನಕೆರೆಗೆ ಹೋಗಬೇಕಾಗಿತ್ತು; ಜೊತೆಗೆ ಬಾ ಎಂದು ಕರೆದುಕೊಂಡು ಬಸ್ಸು ಹತ್ತಿದೆನು.

ನೊಣವಿನಕೆರೆಯ ತಿಮ್ಮಕ್ಕನವರದು ಇನ್ನೂರು ಮರದ ತೋಟ. ತಿಪಟೂರಿಗೆ ಬಂದಾಗ ರಹೀಮ್ ಸಾಬರ ಸೋಡಾ ಕುಡಿಯದೆ ಮಂಡಿಗೆ ಕಾಲಿಡದ ಹೆಂಗಸು. ನಜೀರನನ್ನು ಕಂಡು, "ಏನ್ಲಾ, ಗಾಜಿನ ಇಂಜಿನಿಯರ್ರು! ಮಕ ಯಾಕ್ಲಾ ಸುಟ್ಟ ಬದನೆಕಾಯಿ ಆಗೈತೆ?" ಎಂದರು.

ಕೊಬ್ಬರಿ ಕೊಡಲು ಅಟ್ಟಕ್ಕೆ ಏಣಿ ಹಾಕಿದರು. ಅಟ್ಟದ ತುಂಬ ಮಟ್ಟೆ ಸುಲಿಯದ ಕಾಯಿಗಳು. ಕೆಳಗಿನ ಒಲೆಯ ಹೊಗೆ ಹಲಗೆಗಳ ಸಂದಿನಿಂದ ಮೇಲೇರಿ, ತೊಲೆಗಳೆಲ್ಲ ಕಪ್ಪು ಹಿಡಿದು ಮಿರುಗುತ್ತಿದ್ದವು. ಹತ್ತು ಹನ್ನೆರಡು ತಿಂಗಳು ಹೀಗೆ ಬಿದ್ದಿದ್ದರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಉಂಡೆ ಕೊಬ್ಬರಿಯಾಗುತ್ತದೆ. ಹುಟ್ಟಿದಾರಭ್ಯ ನಜೀರನು ಇದನ್ನು ನೋಡಿದವನೇ. ಆದರೂ ಆ ದಿನ ಒಂದು ಕಾಯನ್ನು ಎತ್ತಿಕೊಂಡು, "ತಿಮ್ಮಕ್ಕ, ಇದೊಂದು ಒಡೆದು ನೋಡ್ಲಾ? ಎಷ್ಟಾಗಿದೆ ಅಂತ," ಎಂದು ಕೇಳಿದನು.

"ಮಡಗು, ಮಡಗು ಕೆಳೀಕೆ! ಅದು ಆರೇ ತಿಂಗಳಿಂದು. ಈಗ ಒಡೆದ್ರೆ ಅತ್ಲಾಗೆ ಕಾಯೂ ಅಲ್ಲ, ಇತ್ಲಾಗೆ ಕೊಬ್ರಿನೂ ಅಲ್ಲ."

"ಮತ್ತೆ ಆಗಿದೆಯೋ ಇಲ್ವೋ ಗೊತ್ತಾಗೋದು ಹೆಂಗೆ?"

"ಅಲ್ಲಾಡ್ಸಿ ಕೇಳು. ನೀರಿದ್ರೆ ಕುಲುಕ್ತದೆ. ಉಂಡೆ ಬಿಟ್ಕೊಂಡಿದ್ರೆ ಗಡಗಡ ಅಂತದೆ. ಎರಡೂ ಅನ್ನದೆ ಇದ್ರೆ ಸುಮ್ನೆ ಬುಡು, ಅದಕ್ಕೆ ಇನ್ನೂ ಹೊತ್ತಾಗಿಲ್ಲ. ಒಡೆದು ನೋಡೋದು ನೋಡೋದಲ್ಲ ಕಣಪ್ಪ, ಕೆಡ್ಸೋದು."

ನಜೀರನು ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿದನು. ಕುಲುಕಿತು. ಮೆಲ್ಲಗೆ ಅದನ್ನು ಇದ್ದ ಜಾಗದಲ್ಲೇ ಇಟ್ಟನು. ಬಸ್ಸಿನಲ್ಲಿ ಬರುವಾಗ, "ಸಾರ್, ಗೂಡಿನ ಬಾಗಿಲು ತೆಗೆದದ್ದು ಆರು ತಿಂಗಳ ಕಾಯಿ ಒಡೆದಂಗೆ. ನಮ್ಮೂರಲ್ಲಿ ಮಕ್ಕಳೂ ಮಾಡೋದಿಲ್ಲ ಅದನ್ನ," ಎಂದನು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, "ಆದ್ರೆ ಗಾಜಿನೊಳಗೆ ನೀರಿಲ್ವಲ್ಲ ಸಾರ್. ಅಬ್ಬಾ ತಟ್ಟಿ ಕೇಳ್ತಾರೆ. ಅದು ಬಿರುಕನ್ನ ಮಾತ್ರ ಹೇಳ್ತದೆ, ಎಳೆದಾಟಾನ ಹೇಳೋದಿಲ್ಲ. ಅದನ್ನ ಕೇಳೋದು ಹೆಂಗೆ?" ಎಂದನು. ಹಿಂತಿರುಗಿ ಹೋಗುವನೆಂದು ನನಗೆ ಆಗ ಖಚಿತವಾಯಿತು.

ಆ ಪ್ರಶ್ನೆಯನ್ನೇ ಅವನು ಉಸ್ತಾದರನ್ನೂ ಕೇಳಿದನು. ಕೋಪದಲ್ಲಿದ್ದ ಮುದುಕರು ತಿಮ್ಮಕ್ಕನ ಮಾತನ್ನು ಅವನ ಬಾಯಿಂದ ಕೇಳಿ, ಪಾಠ ಹೇಳಲು ಆ ಹೆಂಗಸನ್ನು ಇಲ್ಲಿಗೆ ಕರೆಸಿ ನಾನು ನಿಮ್ಮೂರಿಗೆ ಹೋಗುತ್ತೇನೆಂದು ನಕ್ಕರಂತೆ. ಆಮೇಲೆ ಅವನನ್ನು ಪರೀಕ್ಷೆಯ ಕೋಣೆಗೆ ಕರೆದೊಯ್ದರು. ಅಲ್ಲಿ ಒಂದು ಬಲ್ಬಿನ ಮುಂದೆ ಬೆಳಕನ್ನು ಸೋಸುವ ಹೊಗೆಬಣ್ಣದ ಒಂದು ತೆಳು ಹಾಳೆ. ಅದರ ಎದುರಿಗೆ ಅಂಥದೇ ಇನ್ನೊಂದು. ಎರಡನೆಯದನ್ನು ಕಾಲು ಸುತ್ತು ತಿರುಗಿಸಿದರೆ ಬೆಳಕು ಆರಿಹೋಗಿ ಕಪ್ಪಾಗುತ್ತದೆ. ಆ ಎರಡರ ನಡುವೆ, ಸರಿಯಾಗಿ ಆರಿಸಿದ ಬಾಟಲಿಯನ್ನು ಹಿಡಿದರೆ ಕಪ್ಪು ಕಪ್ಪಾಗಿಯೇ ಇರುತ್ತದೆ. ಒಳಗೆ ಎಳೆದಾಟ ಇದ್ದರೆ ಅಲ್ಲಲ್ಲಿ ಬೆಳಕು ಹೊತ್ತಿಕೊಳ್ಳುತ್ತದೆ. ಹೆಚ್ಚು ಇದ್ದಲ್ಲಿ ಹಳದಿ, ನೀಲಿ ಪಟ್ಟೆಗಳು.

"ಸಾರ್, ಬಾಟಲಿಯ ಕತ್ತಿನಲ್ಲಿ ನವಿಲುಗರಿ ಬಿಚ್ಚಿದ ಹಾಗೆ ಇತ್ತು," ಎಂದು ಬರೆದನು. "ನೋಡಲು ಎಷ್ಟು ಚೆಂದವೋ ಅಷ್ಟು ಅಪಾಯವೆಂದು ಉಸ್ತಾದರು ಹೇಳಿದರು. ಅಬ್ಬಾನ ಕೈಯಲ್ಲಿ ಒಡೆದ ಬಾಟಲಿಯಲ್ಲೂ ಇದೇ ಇದ್ದಿರಬೇಕು."

ವರ್ಷದ ಕೊನೆಯ ಪರೀಕ್ಷೆಗೆ ಮತ್ತೆ ಆರು ಬಾಟಲಿ, ಮತ್ತೆ ಗೂಡು. ಉಸ್ತಾದರು ಬೇಕೆಂದೇ ಭಾನುವಾರದ ಪಾಳಿಯನ್ನು ನಜೀರನಿಗೇ ಹಾಕಿದರು. ಅವನು ಇಡೀ ದಿನ ಬಾಗಿಲಿಗೆ ಬೆನ್ನು ತಿರುಗಿಸಿ ಕುಳಿತಿದ್ದನಂತೆ. ಸೋಮವಾರ ಅವನ ಆರು ಬಾಟಲಿಗಳೂ ಹಾಳೆಗಳ ನಡುವೆ ಕಪ್ಪಾಗಿ ನಿಂತವು. ಸರ್ಟಿಫಿಕೇಟಿನ ಜೊತೆಗೆ ಉಸ್ತಾದರು ಹಳೆಯ ಉಪಕರಣವೊಂದರಿಂದ ಬಿಚ್ಚಿದ, ಅಂಗೈಯಗಲದ ಎರಡು ಹಾಳೆಗಳನ್ನು ಕೊಟ್ಟು, "ಹೋಗು, ಮನೆಯಲ್ಲಿ ನಿನಗೊಬ್ಬ ಗಿರಾಕಿ ಇದ್ದಾರಲ್ಲ," ಎಂದರಂತೆ. ಕಾರ್ಖಾನೆಯಲ್ಲಿ ನಿಲ್ಲಬಹುದಾಗಿತ್ತು. ಅವನು ನಿಲ್ಲದೆ ಬಂದನು.

ಬಂದವನೇ ಹಲಗೆಯ ಪೆಟ್ಟಿಗೆಯೊಂದರಲ್ಲಿ ಬಲ್ಬು ಕೂರಿಸಿ, ಅದರ ಬಾಯಿಗೆ ಒಂದು ಹಾಳೆ ಅಂಟಿಸಿ, ಇನ್ನೊಂದಕ್ಕೆ ರಟ್ಟಿನ ಚೌಕಟ್ಟು ಹಾಕಿದನು. ಎರಡು ದಿನ ಕುಳಿತು ಅಂಗಡಿಯ ನೂರರವತ್ತು ಬಾಟಲಿಗಳನ್ನೂ ನೋಡಿ ಇಪ್ಪತ್ತಮೂರನ್ನು ಬೇರೆ ಇಟ್ಟನು. ರಹೀಮ್ ಸಾಬರು ಮರುದಿನ ಆ ಇಪ್ಪತ್ತಮೂರನ್ನೂ ಒಂದೊಂದಾಗಿ ಉಂಗುರದಿಂದ ತಟ್ಟಿದರು. ಟಣ್, ಟಣ್, ಟಣ್. ಒಂದೂ ತಪ್ಪಲಿಲ್ಲ.

"ಕೇಳಿದ್ಯಾ? ದೇವಸ್ಥಾನದ ಗಂಟೆ ಇದ್ದಂಗೈತೆ."

"ಸದ್ದು ಸರಿಯಾಗೇ ಇದೆ ಅಬ್ಬಾ. ಒಳಗೆ ಸರಿ ಇಲ್ಲ. ಇದರಲ್ಲಿ ನೋಡಿ."

"ನಾನ್ಯಾಕೆ ನೋಡ್ಲಿ? ಬಾಟ್ಲಿ ನೋಡಕ್ಕೆ ಲೈಟು, ಪೆಟ್ಟಿಗೆ! ಸಿನಿಮಾ ಮಾಡಿದೀಯ."

ಹಲಗೆಯ ಬಳಿ ನಿಂತಿದ್ದ ಶಂಭುಲಿಂಗಯ್ಯನವರು, "ಏನ್ ನಜೀರಪ್ಪ, ಬಾಟ್ಲಿಗೆ ಜಾತಕ ನೋಡ್ತೀಯಂತೆ? ನಂದೂ ಸ್ವಲ್ಪ ಹಿಡಿದು ನೋಡು, ಯಾವಾಗ ಒಡೀತೀನಿ ಅಂತ," ಎಂದರು. ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆನೆಂದು ಒಪ್ಪಿಕೊಳ್ಳಬೇಕು.

ರಹೀಮ್ ಸಾಬರಿಗೆ ಹುರುಪು ಬಂದಿತು. ಅವುಗಳಲ್ಲೆಲ್ಲ ಕೆಟ್ಟದ್ದು ಯಾವುದೆಂದು ಕೇಳಿದರು. ನಜೀರನು ತೋರಿಸಿದನು. ಅದರ ಕತ್ತಿಗೆ ಒಂದು ಕೆಂಪು ದಾರ ಕಟ್ಟಿ, ಯಂತ್ರದ ಕಬ್ಬಿಣದ ಗೂಡಿನೊಳಗೆ ಹಾಕಿ, ಎಲ್ಲರೆದುರಿಗೆ ಚಕ್ರ ತಿರುಗಿಸಿ ಗ್ಯಾಸು ತುಂಬಿಸಿದರು. ಹೊರಗೆ ತೆಗೆದರು. ಒಡೆಯಲಿಲ್ಲ. ಖಾಲಿ ಮಾಡಿ ಮತ್ತೆ ತುಂಬಿಸಿದರು. ಒಡೆಯಲಿಲ್ಲ. ನಜೀರನ ಮುಖ ಕೆಂಪಾಯಿತು. "ಇವತ್ತೇ ಒಡೀತದೆ ಅಂತ ಹೇಳ್ಲಿಲ್ಲ. ಯಾವತ್ತು ಅಂತ ಬೆಳಕು ಹೇಳೋದಿಲ್ಲ," ಎಂದನು. ಅದು ನಿಜವೇ. ಆದರೆ ಸೋತವನ ಮಾತಿನಂತೆ ಕೇಳಿಸಿತು.

ಕೊನೆಗೆ ತಂದೆಮಕ್ಕಳು ಒಂದು ಒಪ್ಪಂದಕ್ಕೆ ಬಂದರು. ಮಿಕ್ಕ ಇಪ್ಪತ್ತೆರಡು ಬಾಟಲಿಗಳು ಯುಗಾದಿಯವರೆಗೆ ಯಂತ್ರಕ್ಕೆ ಹೋಗಕೂಡದು. ಕೆಂಪು ದಾರದ್ದನ್ನು ಮಾತ್ರ ಸಾಬರು ದಿನವೂ ತುಂಬಿಸಬಹುದು. ಅದು ಯುಗಾದಿಯವರೆಗೆ ಬಾಳಿದರೆ ಎಲ್ಲವೂ ಮತ್ತೆ ಯಂತ್ರಕ್ಕೆ, ಪೆಟ್ಟಿಗೆ ಅಟ್ಟಕ್ಕೆ. ನಜೀರನು ತನ್ನ ಕಡೆಯಿಂದ ಒಂದೇ ಒಂದು ಷರತ್ತು ಹಾಕಿದನು. ತುಂಬಿದ ಮೇಲೆ ಆ ಬಾಟಲಿಯನ್ನು ಎರಡು ಮಡಿಕೆ ಗೋಣಿಚೀಲದೊಳಗೆ ಇಡಬೇಕು. ಎತ್ತುವಾಗಲೂ ಚೀಲದ ಸಮೇತ ಎತ್ತಬೇಕು. ಗಿರಾಕಿಗೆ ಕೊಡಬಾರದು.

"ಬಾಟ್ಲಿಗೂ ಗೋಷಾ ಹಾಕ್ಸಿದ್ನಲ್ಲ ಇವನು!" ಎಂದು ಸಾಬರು ನಗುತ್ತ ಒಪ್ಪಿದರು.

ಅಂದಿನಿಂದ ದಿನವೂ ಅದೇ ಆಟ. ನಾನು ಸಂಜೆ ಹೋದರೆ ಸಾಬರು ಚೀಲವನ್ನು ತೋರಿಸಿ, "ಇವತ್ತೂ ಜೀವಂತ, ಮೇಷ್ಟ್ರೇ," ಎನ್ನುವರು. ನಜೀರನು ತಲೆ ಎತ್ತುತ್ತಿರಲಿಲ್ಲ. ಆದರೆ ಸಾಬರು ಚೀಲದ ಕಡೆ ಬಾಗಿದಾಗ ಅವನ ಕೈಯಲ್ಲಿದ್ದ ಕೆಲಸ ನಿಂತುಹೋಗುವುದನ್ನು ನಾನು ಕಂಡಿದ್ದೇನೆ. ತಾಯಿ ಶಹರ್ ಬಾನು ಅವರು, ವಿದ್ಯೆ ಕಲಿತು ಬಂದು ಅಪ್ಪನಿಗೆ ಕಾವಲು ಕೂತಿದ್ದಾನೆಂದು ನೊಂದುಕೊಂಡರು. ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಬಾಟಲಿ ಹಾಗೆಯೇ ಇತ್ತು. ನನಗೂ ಅನುಮಾನ ಹುಟ್ಟಿತು.

ಸಂಕ್ರಾಂತಿ ಕಳೆದ ಮೇಲಿನ ಒಂದು ಬೆಳಿಗ್ಗೆ. ಭಾನುವಾರವಾದುದರಿಂದ ನಾನು ಅಂಗಡಿಯ ಎದುರಿನ ಕಲ್ಲಿನ ಮೇಲೆ ಬಿಸಿಲಿಗೆ ಕುಳಿತಿದ್ದೆನು. ಸಾಬರು ಕೆಂಪು ದಾರದ ಬಾಟಲಿಯನ್ನು ತುಂಬಿಸಿ, ಚೀಲದೊಳಗೆ ಇಳಿಸಿ, ಹಲಗೆಯ ಮೇಲೆ ಇಟ್ಟರು. ಮುಂದಿನ ಸೂರಿನ ಹೆಂಚಿನ ಸಂದಿನಿಂದ ಎಳೆಬಿಸಿಲಿನ ಒಂದು ಕೋಲು ಚೀಲದ ಮೇಲೆ ಬಿದ್ದಿತ್ತು. ತಿಮ್ಮಕ್ಕ ಬಸ್ಸಿಳಿದು ಬಂದು, "ಎಲ್ಲಿ ರಹೀಮಣ್ಣ, ಆ ಗೋಷಾ ಹೆಂಗ್ಸನ್ನ ಒಂದಪ ತೋರ್ಸು," ಎಂದರು. ಸಾಬರು ಷರತ್ತಿನಂತೆ ಚೀಲದ ಕತ್ತನ್ನು ಹಿಡಿದು ಮುಖದೆತ್ತರಕ್ಕೆ ಎತ್ತಿದರು.

ಚೀಲ ಅವರ ಕೈಯಲ್ಲೇ ಒಮ್ಮೆ ಹಾರಿತು. ಪಟಾಕಿಯಷ್ಟು ಸದ್ದು. ನೀರು ಗೋಣಿಯ ಕಣ್ಣುಗಳಿಂದ ಬುಸ್ಸೆಂದು ಸುರಿಯಿತು. ಗಾಜಿನ ಒಂದು ಚೂರೂ ಹೊರಗೆ ಬರಲಿಲ್ಲ. ಚೀಲದ ಬಾಯಿ ಸಡಿಲವಾಗಿದ್ದ ಕಡೆಯಿಂದ ಗೋಲಿಯೊಂದೇ ಹಾರಿ, ಹಲಗೆಗೆ ಬಡಿದು, ನೆಲಕ್ಕೆ ಬಿದ್ದು, ಉರುಳಿಕೊಂಡು ಬಂದು ಸಾಬರ ಕಾಲಿನ ಹತ್ತಿರ ನಿಂತಿತು.

ನಜೀರನು ಒಳಗಿನಿಂದ ಓಡಿ ಬಂದು ತಂದೆಯ ಮುಖವನ್ನು ಎರಡು ಕೈಯಲ್ಲಿ ಹಿಡಿದು ಬಲಗಣ್ಣನ್ನು ನೋಡಿದನು. ಏನೂ ಆಗಿರಲಿಲ್ಲ. ಆದರೂ ಮುಖವನ್ನು ಬಿಡಲಿಲ್ಲ. ಸಾಬರೇ ಮಗನ ಕೈಗಳನ್ನು ಬಿಡಿಸಿ, ಚೀಲವನ್ನು ಕೆಳಗಿಟ್ಟು ಒಳಮೈಯನ್ನು ಹೊರಳಿಸಿದರು. ಗೋಣಿಯ ಎಳೆಗಳಲ್ಲಿ ಗಾಜಿನ ಚೂರುಗಳು ಮುಳ್ಳಿನಂತೆ ನೆಟ್ಟುಕೊಂಡಿದ್ದವು. ಅವುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಬಗ್ಗಿ ಗೋಲಿಯನ್ನು ಎತ್ತಿಕೊಂಡು ಅಂಗಿಗೆ ಒರೆಸಿದರು.

"ಸದ್ದು ಚೆನ್ನಾಗಿತ್ತಲ್ಲೋ," ಎಂದರು. ಮಗನಿಗೆ ಹೇಳಿದ್ದೋ ಬಾಟಲಿಗೆ ಹೇಳಿದ್ದೋ ತಿಳಿಯಲಿಲ್ಲ.

ತಿಮ್ಮಕ್ಕ ಮೆಲ್ಲಗೆ, "ಹುಡುಗ ಒಡೀದೇ ನೋಡಿದ್ದ ಕಣ್ರೀ ಸಾಬ್ರೇ. ನೀವೇ ಒಡೆದು ನೋಡ್ಬೇಕಾಯ್ತು," ಎಂದರು.

ಸಾಬರು ಒಳಗೆ ಹೋಗಿ ಪೆಟ್ಟಿಗೆಯ ಮುಂದೆ ಕುಳಿತರು. "ತಾರೋ ಒಂದು ಬಾಟ್ಲಿ. ಹೆಂಗೆ ನೋಡೋದು ಹೇಳು. ನನಗಿರೋದು ಒಂದೇ ಕಣ್ಣು, ಸಾಕಾಗ್ತದಾ ಇದಕ್ಕೆ?"

"ಸಾಕು ಅಬ್ಬಾ. ಎರಡಿರೋರೂ ಒಂದು ಮುಚ್ಕೊಂಡೇ ನೋಡ್ಬೇಕು."

"ಹಂಗಾದ್ರೆ ನಾನೇ ನಿನಗಿಂತ ಮೇಲು," ಎಂದು ಅವರು ರಟ್ಟಿನ ಚೌಕಟ್ಟನ್ನು ಕಣ್ಣಿಗೆ ಹಿಡಿದರು. ಹಾಗೆಯೇ ಉಸಿರು ಹಿಡಿದು ಕುಳಿತರು. ಆಮೇಲೆ ಅವರ ಬಾಯಿಂದ ಬಂದ ಮಾತು ಉರ್ದುವಿನದು. ನನಗೆ ಅರ್ಥವಾಗಲಿಲ್ಲ, ನಜೀರನು ಹೇಳಲೂ ಇಲ್ಲ.

ಆ ವರ್ಷವೇ ಅಂಗಡಿಯ ಹಿತ್ತಿಲಿನಲ್ಲಿ ನಜೀರನು ಇಟ್ಟಿಗೆಯ ಗೂಡೊಂದನ್ನು ಕಟ್ಟಿದನು. ಎಳೆದಾಟ ಉಳಿದ ಬಾಟಲಿಯನ್ನು ಎಸೆಯಬೇಕಾಗಿಲ್ಲ. ಮತ್ತೆ ಕಾಯಿಸಿ ನಿಧಾನವಾಗಿ ಆರಿಸಿದರೆ ಅದು ಬಿಟ್ಟುಹೋಗುತ್ತದೆ. ಉರುವಲಿಗೆ ತೆಂಗಿನ ಚಿಪ್ಪು. ಸೌದೆಯಂತೆ ಒಮ್ಮೆಗೇ ಭಗ್ಗೆನ್ನದೆ ಹದವಾಗಿ ಉರಿಯುತ್ತದೆಂದು ಅವನೇ ಪ್ರಯೋಗ ಮಾಡಿ ಕಂಡುಕೊಂಡನು. ತಿಮ್ಮಕ್ಕನ ಮನೆಯಿಂದ ಗಾಡಿಗಟ್ಟಲೆ ಬರುತ್ತಿತ್ತು. ಮೊದಲ ಸಲ ಇಟ್ಟದ್ದು ಆ ಇಪ್ಪತ್ತೆರಡು ಬಾಟಲಿಗಳನ್ನೇ, ಕತ್ತಿನ ರಬ್ಬರ್ ಬಳೆಗಳನ್ನು ತೆಗೆದು. ಎರಡು ದಿನ ಬಾಗಿಲು ಮುಚ್ಚಿತ್ತು. ಎರಡನೆಯ ದಿನ ನಾನು ಹೋದಾಗ ತಂದೆಮಕ್ಕಳಿಬ್ಬರೂ ಗೂಡಿಗೆ ಬೆನ್ನು ತಿರುಗಿಸಿ, ಗೋಡೆ ನೋಡುತ್ತ ಚಹಾ ಕುಡಿಯುತ್ತಿದ್ದರು. ಇಣುಕಿ ನೋಡಬೇಕೆಂಬ ಚಪಲ ನಜೀರನಿಗಿಂತ ಸಾಬರಿಗೆ ಹೆಚ್ಚಿತ್ತು. ಅವರ ತೋಳನ್ನು ಮಗ ಹಿಡಿದುಕೊಂಡಿದ್ದನು.

ಹಾಳೆಗಳ ನಡುವೆ ಹಿಡಿದಾಗ, ಇಪ್ಪತ್ತೆರಡರಲ್ಲಿ ಇಪ್ಪತ್ತು ಕಪ್ಪಾಗಿ ನಿಂತವು. ಮುಂದೆ ತುರುವೇಕೆರೆ, ಮಾಯಸಂದ್ರ, ಚಿಕ್ಕನಾಯಕನಹಳ್ಳಿಯ ಸೋಡಾ ಅಂಗಡಿಯವರೂ ಬಸ್ಸಿನ ಮೇಲೆ ಪೆಟ್ಟಿಗೆಗಳನ್ನು ಹಾಕಿಕೊಂಡು ಬಂದು ಬಾಟಲಿಗಳನ್ನು ತೋರಿಸಿಕೊಂಡು ಹೋಗುತ್ತಿದ್ದರು. ಗೂಡಿನ ಕೆಲಸ ನಜೀರನದು. ನೋಡುವ ಕೆಲಸವನ್ನು ರಹೀಮ್ ಸಾಬರು ಯಾರಿಗೂ ಬಿಟ್ಟುಕೊಡಲಿಲ್ಲ. ಉಂಗುರದಿಂದ ತಟ್ಟುವುದನ್ನೂ ಬಿಡಲಿಲ್ಲ. ಮೊದಲು ಕಿವಿ, ಆಮೇಲೆ ಕಣ್ಣು.

ನಾನು ನಿವೃತ್ತನಾದ ವರ್ಷ, ೧೯೮೬ರಲ್ಲಿ, ಒಂದು ಸಂಜೆ ಸೋಡಾ ಕುಡಿದು ಹೊರಟವನನ್ನು ಸಾಬರು ಕೂಗಿ ನಿಲ್ಲಿಸಿದರು. ಆ ಹೊತ್ತಿಗೆ ಅವರು ಪೆಟ್ಟಿಗೆಯ ಮುಂದೆ ಹಿಡಿದು ನೋಡದ ವಸ್ತುವಿರಲಿಲ್ಲ. ಲಾಟೀನಿನ ಬುರುಡೆ, ಶಹರ್ ಬಾನು ಅವರ ಬಳೆ, ಶಂಭುಲಿಂಗಯ್ಯನವರ ಮಸಿಕುಡಿಕೆ, ಎಲ್ಲವೂ ಆಗಿತ್ತು.

"ನಿಮ್ಮ ಕನ್ನಡಕ ಒಂದು ನಿಮಿಷ ಕೊಡಿ ಮೇಷ್ಟ್ರೇ."

ಕೊಟ್ಟೆನು. ಅವರು ಬಲಗಣ್ಣಿಗೆ ಚೌಕಟ್ಟು ಹಿಡಿದು ಕನ್ನಡಕವನ್ನು ಅತ್ತ ಇತ್ತ ತಿರುಗಿಸಿದರು.

"ನೋಡಿದ್ರಾ, ಈ ಮೂಲೆಯಲ್ಲಿ ಬೆಳಕು ಕಾಣ್ತಾ ಇದೆ. ಯಾರೋ ತಿರುಪು ಜಾಸ್ತಿ ಬಿಗಿ ಮಾಡಿ ಗಾಜನ್ನ ಒತ್ತಿಬಿಟ್ಟವ್ರೆ. ನಜೀರಾ, ಸಣ್ಣ ತಿರುಪುಳಿ ತಗೊಂಬಾ."

ನಜೀರನು ತಂದನು. ಸಾಬರೇ ತಿರುಪನ್ನು ಅರ್ಧ ಸುತ್ತು ಸಡಿಲ ಮಾಡಿ, ಮತ್ತೆ ಬೆಳಕಿಗೆ ಹಿಡಿದು, ಕಪ್ಪಾಯಿತೆಂದು ಖಚಿತ ಮಾಡಿಕೊಂಡು ನನ್ನ ಮೂಗಿನ ಮೇಲೆ ಕೂರಿಸಿದರು. "ಈಗ ಹೋಗಿ. ಕಣ್ಣು ಜೋಪಾನ," ಎಂದರು.